ಮಾಲೂರಿನಿಂದ ತಂದ ಟರ್ಬೊ

ಅಣ್ಣನ ಪಿಕಪ್ಪಿನ ಟರ್ಬೊ ಹೋಯಿತೆಂದರೆ ನಮ್ಮ ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದಷ್ಟು ಕಳವಳ. ಅತ್ತಿಗೆ ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಅಣ್ಣ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ವಸ್ತುವೋ, ಎರಡು ಕೈಯಲ್ಲಿ ಹಿಡಿಯುವಷ್ಟು, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡ ಎರಕದ ತುಂಡು. ಎಂಜಿನ್ನಿನಿಂದ ಹೊರಬರುವ ಹೊಗೆ ಅದರೊಳಗಿನ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ತಾನಿರುವ ಸಲಾಕೆಯ ಇನ್ನೊಂದು ತುದಿಯ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟು ಎಳೆತ ಹೆಚ್ಚು. ಅದು ಕೆಟ್ಟರೆ ಬಂಡಿ ಕಪ್ಪು ಹೊಗೆ ಕಾರುತ್ತಾ ಸಣ್ಣ ಏರಿನಲ್ಲೂ ಏದುಸಿರು ಬಿಡುತ್ತದೆ. ಇಷ್ಟು ವಿದ್ಯೆ ನಮ್ಮ ಮನೆಯ ಹೆಂಗಸರಿಗೂ ಬಾಯಿಪಾಠವಾಗಿತ್ತು, ಯಾಕೆಂದರೆ ನಮ್ಮ ಊಟ ಆ ಚಕ್ರದ ಮೇಲೆ ನಿಂತಿತ್ತು.

ನಮ್ಮದು ರಾಯಲ್ಪಾಡಿನ ಪಕ್ಕದ ಹಳ್ಳಿ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಹೊರಗಿನವರ ಬಾಯಲ್ಲಿ ಅಣ್ಣ 'ಅನ್ನಾ' ಆಗುತ್ತಿದ್ದ, ಬೈಗುಳವೆಲ್ಲ ಪೂರ್ತಿ ತೆಲುಗು. ಅಪ್ಪ ಬೇಗ ಹೋದರು. ಆಗ ಅಣ್ಣ ಲಾರಿಗಳಲ್ಲಿ ಕ್ಲೀನರಾಗಿದ್ದವನು ಡ್ರೈವರಾಗಿ, ನನ್ನನ್ನು ಓದಿಸಿ, ಕೊನೆಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸ್ವಂತ ಡೀಸೆಲ್ ಪಿಕಪ್ ತೆಗೆದುಕೊಂಡ. ಊರಿನ ಟೊಮ್ಯಾಟೊವನ್ನು ಶ್ರೀನಿವಾಸಪುರದ ಮೇಲೆ ಕೋಲಾರದ ಕಡೆಯ ಮಂಡಿಗೆ ಹೊಡೆಯುವುದು ಅವನ ಕೆಲಸ. ನಾನು ಅಷ್ಟು ಹೊತ್ತಿಗೆ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಮಾಡಿಕೊಂಡು, ಫೋನೆತ್ತಿಕೊಂಡು ಇದ್ದೆ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ಭಾನುವಾರ ಊರು. ಮದುವೆಯಾಗಲಿಲ್ಲ, ನನ್ನ ಬಾಯಿ ನೋಡಿ ಯಾರೂ ಮುಂದೆ ಬರಲಿಲ್ಲ ಎಂದು ಅಣ್ಣ ರೇಗಿಸುತ್ತಿದ್ದ, ಬಂದವರನ್ನು ನಾನೇ ಓಡಿಸಿದ್ದೆ ಎಂದು ನಾನು ತಿದ್ದುತ್ತಿದ್ದೆ.

ಅಣ್ಣ ಹೋಗುತ್ತಿದ್ದದ್ದು ಖಾಸಗಿಯವರ ಒಂದು ಮಂಡಿಗೆ. ಅಲ್ಲಿ ಒಂದು ವಿಚಿತ್ರ ಪದ್ಧತಿ. ಬೆಳಗಿನ ಹರಾಜಿಗೆ ಬಂಡಿಗಳು ಬಂದು ನಿಂತಾಗ ಕಾವಲುಗಾರ ಒಬ್ಬೊಬ್ಬರಿಗೂ ನಂಬರು ಕೆತ್ತಿದ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದ. ಬಿಲ್ಲೆಯ ನಂಬರಿನ ಪ್ರಕಾರ ಹರಾಜು. ಆದರೆ ಎಂಜಿನ್ ಆಫ್ ಆಗದೆ ಬಿಲ್ಲೆ ಇಲ್ಲ. ಎಂಜಿನ್ ಆಫ್ ಮಾಡದೆ ನಿಲ್ಲಿಸಿದ್ದ ಬಂಡಿಯೊಂದು ಯಾವಾಗಲೋ ಮುಂದಕ್ಕೆ ನುಗ್ಗಿ ಕೂಲಿಯವನೊಬ್ಬನ ಕಾಲು ಮುರಿದಿತ್ತಂತೆ. ಅಂದಿನಿಂದ ಆ ನಿಯಮ. ಕಾವಲುಗಾರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನಡುಕ ನಿಂತಿದೆಯೋ ಇಲ್ಲವೋ ನೋಡಿ, ಆಮೇಲೆ ಬಿಲ್ಲೆ ಕೊಡುವನು. ಮೊದಲ ಬಿಲ್ಲೆಗಳ ಮಾಲಿಗೆ ದೂರದ ಊರುಗಳ ಲಾರಿಯವರು ಮುಗಿಬೀಳುತ್ತಿದ್ದರು. ಅವರ ಲಾರಿ ತುಂಬಿದ ಮೇಲೆ ಉಳಿದವರ ಹಣ್ಣನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ.

ಹಾಗಾಗಿ ನಮ್ಮ ಕಡೆಯ ರೈತರು ಬಂಡಿಯ ಅಂದಚೆಂದ ನೋಡುತ್ತಿರಲಿಲ್ಲ, ಡ್ರೈವರಿಗೆ ಎಷ್ಟನೇ ಬಿಲ್ಲೆ ಸಿಗುತ್ತದೆ ಎಂದು ನೋಡುತ್ತಿದ್ದರು. ವರ್ಷಗಟ್ಟಲೆ ಮೊದಲ ಬಿಲ್ಲೆ ಎಂದರೆ ನಮ್ಮ ಅಣ್ಣ. ಅವನ ನಿಜವಾದ ಹೆಸರು ಮಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಮೊದಲ್ ಬಿಲ್ಲೆ ಬಂದ" ಎನ್ನುತ್ತಿದ್ದರು. ಮನೆಗೆ ಬಂದ ಕೂಡಲೇ ನಾವು ಅವನನ್ನು ಕೇಳುತ್ತಿದ್ದ ಮಾತೂ ಅದೇ, ಎಷ್ಟನೇದು? ಊಟ ಆಯ್ತಾ ಎಂಬುದು ಅದರ ಆಮೇಲೆ.

ಈ ಬಿಲ್ಲೆಯೇ ಟರ್ಬೊಗಳನ್ನು ಕೊಲ್ಲುತ್ತಿತ್ತು. ತುಂಬಿದ ಬಂಡಿಯನ್ನು ಅಷ್ಟು ದೂರ ಒತ್ತಿ ಓಡಿಸಿಕೊಂಡು ಬಂದಾಗ ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಎಣ್ಣೆ ಹರಿದು ಅದನ್ನು ತಣ್ಣಗೆ ಮಾಡುತ್ತದೆ. ತಟ್ಟನೆ ಆಫ್ ಮಾಡಿದರೆ ಎಣ್ಣೆ ನಿಂತಲ್ಲೇ ಸೀದು, ಸೀಕಲು ಕಟ್ಟಿ, ಸಲಾಕೆಯನ್ನು ಹಿಡಿದುಕೊಳ್ಳುತ್ತದೆ. ಇದು ಎಲ್ಲ ಡ್ರೈವರಿಗೂ ಗೊತ್ತಿತ್ತು, ಒಬ್ಬನೂ ಮಾಡುತ್ತಿರಲಿಲ್ಲ. ಬ್ರೇಕು, ಕೀಲಿ, ಬಿಲ್ಲೆ. ಬಿಲ್ಲೆ ಕೈಗೆ ಬಂದ ಮೇಲೆ ಕೆಲವರು ಬಾನೆಟ್ಟು ಎತ್ತಿ ಒದ್ದೆ ಗೋಣಿಚೀಲವನ್ನು ಟರ್ಬೊ ಮೇಲೆ ಹೊದಿಸುತ್ತಿದ್ದರು. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದಂತೆ. ಚುಸ್ಸೆಂದು ಹೊಗೆ ಎದ್ದು, ಎರಕ ಬಿರುಕು ಬಿಟ್ಟು, ಇನ್ನೂ ಬೇಗ ಹಾಳಾಗುತ್ತಿತ್ತು. ನಮ್ಮವರ ಈ ಜಾಣತನಕ್ಕೆ ಏನು ಹೇಳುವುದು.

ಮುಳಬಾಗಿಲಿನ ಮೇಸ್ತ್ರಿ ಅಣ್ಣನ ಬಂಡಿಯನ್ನು ಮೊದಲಿನಿಂದ ನೋಡುತ್ತಿದ್ದವರು. ಹೆದ್ದಾರಿಯ ಪಕ್ಕದಲ್ಲಿ ತಗಡಿನ ಶೆಡ್ಡು, ಬಾಗಿಲಲ್ಲಿ ಸತ್ತ ಟರ್ಬೊಗಳ ರಾಶಿ. ಅವರು ಒಮ್ಮೆ ಅಣ್ಣನ ಎದುರಿಗೇ ನನಗೆ ಹೇಳಿದರು, "ನೋಡಮ್ಮಾ, ನಿಮ್ಮಣ್ಣ ಬಂಡಿ ಓಡ್ಸೋದ್ರಲ್ಲಿ ರಾಜ. ನಿಲ್ಸೋದ್ರಲ್ಲಿ ಮಾತ್ರ ಕಟುಕ."

"ಎರಡು ನಿಮಿಷ ಸುಮ್ನೆ ಓಡಿಸ್ಕೊಂಡು ನಿಂತ್ರೆ ಮೂರು ಬಂಡಿಯೋರು ನನ್ ಮುಂದೆ ಬಿಲ್ಲೆ ತಗೊಂಡಿರ್ತಾರೆ," ಎಂದ ಅಣ್ಣ. "ನಿನ್ ಟರ್ಬೊ ಉಳಿಸ್ಕೊಂಡು ನಾನೇನು ಪೂಜೆ ಮಾಡ್ಲಾ?"

ನಾನು ಹೇಳಹೊರಟಿರುವ ವರ್ಷದಲ್ಲಿ ಅಣ್ಣನಿಗೆ ಮೊದಲ ಬಿಲ್ಲೆ ತಪ್ಪತೊಡಗಿತ್ತು. ಒಂದೆರಡು ದಿನ ತಪ್ಪಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಿಂಗಳುಗಟ್ಟಲೆ ತಪ್ಪಿತು. ಮೂರನೆಯದು, ಐದನೆಯದು, ಆಮೇಲೆ ಕೇಳುವುದಕ್ಕೇ ನಮಗೆ ಭಯವಾಗುವಂಥ ನಂಬರು. "ಎಳೆತ ಇಲ್ಲ, ಏರಲ್ಲಿ ಸಾಯ್ತಾ ಐತೆ" ಎಂದು ಅವನು ಬಂಡಿಯನ್ನು ಬೈಯುತ್ತಿದ್ದ. ಮೇಸ್ತ್ರಿ ಬಿಚ್ಚಿ ನೋಡಿದರೆ ಟರ್ಬೊದ ಸಲಾಕೆ ಅಲುಗಾಡುತ್ತಿತ್ತು, ಒಳಗೆಲ್ಲ ಸೀದ ಎಣ್ಣೆ. ಕಾರಣ ಸಿಕ್ಕಿತೆಂದು ಅತ್ತಿಗೆ ಮನೆದೇವರಿಗೆ ಕೈ ಮುಗಿದಳು. ಈ ಸಲ ಅದೇ ಜಾತಿಯದು ಬೇಡ, ಮೇಲಿನ ದರ್ಜೆಯದು ಹಾಕಿಸಬೇಕು, ಮುಂದಿನ ಕೊಯ್ಲಿನೊಳಗೆ ಅಣ್ಣ ಮತ್ತೆ ಮುಂದೆ ಬರಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಬರದಿದ್ದರೆ ರೈತರು ಬೇರೆ ಬಂಡಿ ನೋಡಿಕೊಳ್ಳುತ್ತಾರೆ. ನಮ್ಮ ಅಣ್ಣನಿಗೆ ಸ್ಟೀರಿಂಗು ಬಿಟ್ಟರೆ ಬೇರೆ ವಿದ್ಯೆಯಿರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ.

ಮಾಲೂರಿನಲ್ಲಿ, ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ, ಟರ್ಬೊ ಮಾರುವ ಒಂದು ಅಂಗಡಿಯಿತ್ತು. ಆದ್ದರಿಂದ ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಊಟದ ಬಿಡುವಿನಲ್ಲಿ ಹೋದೆ. ಅಂಗಡಿಯವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದರು. "ಮನೇಲಿ ಗಂಡಸರು ಯಾರಿಲ್ವಾ ಮೇಡಂ?" ಎಂದರು.

"ಇದಾರೆ. ಅವರಿಗೆ ಕೆಲಸ ಐತೆ. ನೀವು ಸಾಮಾನು ತೋರ್ಸಿ."

ಮೂರು ತೋರಿಸಿದರು. ಒಂದು ಬಂಡಿಯ ಜೊತೆ ಬಂದಿದ್ದಂಥದ್ದೇ. ಎರಡನೆಯದು ದೊಡ್ಡ ಲಾರಿಯಿಂದ ಬಿಚ್ಚಿ ರಿಪೇರಿ ಮಾಡಿದ್ದು, ನೋಡಿದರೇ ಗತ್ತು. ಮೂರನೆಯದು ಮೊದಲನೆಯದಕ್ಕಿಂತ ಒಂದಿಷ್ಟು ದೊಡ್ಡದು, ಚಕ್ರದ ಎಲೆಗಳು ಬೇರೆ ರೀತಿ. ಅದರ ಹೊಟ್ಟೆಯೊಳಗೆ ಎಣ್ಣೆಯ ಜೊತೆ ರೇಡಿಯೇಟರಿನ ನೀರೂ ಸುತ್ತಿ ಬರುತ್ತಿತ್ತು. ಎಂಜಿನ್ ನಿಂತ ಮೇಲೂ ನೀರು ಕಾವನ್ನು ಹೀರಿಕೊಳ್ಳುವುದರಿಂದ ಎಣ್ಣೆ ಸೀಯುವುದಿಲ್ಲ ಎಂದು ಅಂಗಡಿಯವರು ಹೇಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಇದು ನಮ್ಮ ಮಂಡಿಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿದ್ದಲ್ಲವೇ ಅನ್ನಿಸಿತು. ಎದುರಿನ ಎಸ್‌ಟಿಡಿ ಬೂತಿನಿಂದ ಮೇಸ್ತ್ರಿಗೆ ಫೋನು ಮಾಡಿ, ಒಂದೊಂದರ ಅಳತೆಯನ್ನೂ ಓದಿ ಹೇಳಿದೆ. ಭಾನುವಾರ ಶೆಡ್ಡಿಗೆ ಬನ್ನಿ, ಕೂತು ಮಾತಾಡೋಣ ಎಂದರು.

ಆ ಭಾನುವಾರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೋಡ ಕವಿದು ಮಳೆ ಬರದೆ ಸತಾಯಿಸುತ್ತಿದ್ದ ದಿನ. ಮೇಸ್ತ್ರಿ ಡಬ್ಬದ ಮೇಲೆ, ಅಣ್ಣ ಹಳೇ ಟಯರಿನ ಮೇಲೆ, ನಾನು ಅವರಿಗಿದ್ದ ಒಂದೇ ಕುರ್ಚಿಯ ಮೇಲೆ. ಅಣ್ಣನ ಮನಸ್ಸೆಲ್ಲ ಲಾರಿಯ ಟರ್ಬೊ ಮೇಲೆ. "ದೊಡ್ಡದು ಹಾಕಿದ್ರೆ ದೊಡ್ಡ ಎಳೆತ, ಇದ್ರಲ್ಲಿ ಏನ್ ಯೋಚ್ನೆ?" ಎಂದು ಹಟ ಹಿಡಿದಿದ್ದ. ಮನೆಯಿಂದ ಹೊರಟಾಗಿನಿಂದ ಅದೇ ರಾಗ. ನಾನು ನೀರಿನದರ ಪರ. ನಾವಿಬ್ಬರೂ ಜಗಳವಾಡಿದರೆ ಶೆಡ್ಡಿನ ಮುಂದೆ ಹೋಗುವವರು ನಿಂತು ನೋಡುವಷ್ಟು ಜೋರು.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟರು. "ಅನ್ನಾ, ದೊಡ್ಡದಕ್ಕೆ ಗಾಳಿ ತುಂಬೋಕೆ ಹೊತ್ತು ಬೇಕು. ಏರು ಬಂತು ಅಂತ ಒತ್ತಿದ ತಕ್ಷಣ ಸಿಗಲ್ಲ. ಏರು ಬರೋಕೆ ಮುಂಚೆಯಿಂದ್ಲೇ ಕಾಲು ಒತ್ತಿ ಹಿಡ್ಕೊಂಡಿರ್ಬೇಕು. ಮಧ್ಯೆ ಒಂದ್ ಸಲ ಎತ್ತಿದ್ಯೋ, ಅಯಿಪೋಯಿಂದಿ, ಮುಗೀತು. ಮತ್ತೆ ಮೊದ್ಲಿಂದ. ಇವರು ಹೇಳೋ ನೀರಿನದು ಹಂಗಲ್ಲ, ಎತ್ತಿ ಒತ್ತಿದ್ರೂ ಬೇಗ ಹಿಡ್ಕೊಳ್ತದೆ."

ಅಷ್ಟು ಹೊತ್ತು ಹಾರಾಡುತ್ತಿದ್ದ ಅಣ್ಣ ಸುಮ್ಮನಾದ. ಕೈಯಲ್ಲಿದ್ದ ಸ್ಪ್ಯಾನರನ್ನು ಹಿಂದೆ ಮುಂದೆ ತಿರುಗಿಸಿದ. "ಹಂಗಾದ್ರೆ ದೊಡ್ಡದು ಬೇಡ ಬಿಡು," ಎಂದ. ನನಗೆ ಗೆದ್ದೆನೆಂಬ ಖುಷಿ. ದಾರಿಯುದ್ದಕ್ಕೂ ಅವನನ್ನು ರೇಗಿಸಿದೆ, ಇಷ್ಟು ವರ್ಷಕ್ಕೆ ನನ್ನ ಮಾತು ಕೇಳಿದೆಯಲ್ಲ, ಮಳೆ ಬರುತ್ತೆ ಇವತ್ತು ಎಂದೆ. ಅವನು ನಗಲಿಲ್ಲ.

ಮರುವಾರ ಟರ್ಬೊ ತಂದೆ. ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಮಾಲೂರಿನಿಂದ ಕೋಲಾರಕ್ಕೆ ಒಂದು ಬಸ್ಸು, ಕೋಲಾರದಿಂದ ಮುಳಬಾಗಿಲಿಗೆ ಇನ್ನೊಂದು. ಕಂಡಕ್ಟರು ಲಗೇಜು ತಗೊಳ್ಳಿ ಎಂದ. ಮಗುವಿಗೂ ಟಿಕೆಟ್ಟು ಕೇಳುತ್ತೀಯಾ ಎಂದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಚೀಲದೊಳಗೆ ಇಣುಕಿ ನೋಡಿ, ಏನಮ್ಮ ಇದು, ಮೋಟರಾ ಎಂದು ಕೇಳಿದಳು. ನಮ್ಮಣ್ಣನ ಅದೃಷ್ಟ ಅಜ್ಜಿ ಎಂದು ಹೇಳಿ ನಗಿಸಿದೆ. ಅದರ ಭಾರಕ್ಕೆ ತೊಡೆ ಮರಗಟ್ಟಿತ್ತು, ಆದರೂ ಕೆಳಗಿಡಲು ಮನಸ್ಸು ಬರಲಿಲ್ಲ. ನನ್ನನ್ನು ಓದಿಸಿದವನಿಗೆ ನಾನೇ ಆರಿಸಿ ತಂದು ಕೊಟ್ಟ ಮೊದಲ ವಸ್ತು ಅದು.

ಮೇಸ್ತ್ರಿ ಕೂರಿಸಿದರು. ನೀರಿನ ಕೊಳವೆ ಎಳೆದು, ಎಣ್ಣೆ ಬದಲಾಯಿಸಿ, ನಿಂಬೆಹಣ್ಣು ಟಯರಿಗಿಟ್ಟು ಸ್ಟಾರ್ಟ್ ಮಾಡಿದಾಗ ಸಣ್ಣಗೆ ಒಂದು ಸಿಳ್ಳು ಎದ್ದಿತು. ಮೊದಲು ತೆಳ್ಳಗೆ, ಕಾಲು ಒತ್ತಿದಂತೆ ಏರುತ್ತಾ ಏರುತ್ತಾ ಶೆಡ್ಡಿನ ತಗಡನ್ನೆಲ್ಲ ತುಂಬಿತು. ಪಕ್ಕದ ಮನೆಯವರು ಕಟ್ಟಿಸುತ್ತಿದ್ದ ಗೋಡೆಯ ಇಟ್ಟಿಗೆಯನ್ನು ಬೇಡಿ ಬಂಡಿಗೆ ತುಂಬಿಸಿ ಮೇಸ್ತ್ರಿ ತಾವೇ ನಂಗಲಿಯ ಕಡೆ ಓಡಿಸಿಕೊಂಡು ಹೋಗಿ ಬಂದರು. ಅಣ್ಣ ಪಕ್ಕದಲ್ಲಿ ಕೂತಿದ್ದ. ಇಳಿದಾಗ ಮೇಸ್ತ್ರಿಯ ಮುಖ ಊರಗಲ. "ಅಕ್ಕಾ, ಗುರ್ರಂ ಅಕ್ಕಾ ಇದು, ಕುದುರೆ!" ಎಂದರು.

ನಾನು ಮಾಲೂರಿಗೆ ಹಿಂತಿರುಗಿದೆ. ಮೊದಲ ಲೋಡಿನ ದಿನ ಅಣ್ಣನ ಫೋನಿಗಾಗಿ ಆಫೀಸಿನಲ್ಲಿ ಕಾದೆ. ಬಂದ ಫೋನುಗಳಿಗೆಲ್ಲ ಹೆಂಚಿನ ವಿಷಯ ಹೇಳುತ್ತಾ ಬೇಗ ಬೇಗ ಇಟ್ಟುಬಿಡುತ್ತಿದ್ದೆ. ಕೊನೆಗೆ ಅವನ ದನಿ ಬಂತು.

"ಎಷ್ಟನೇದು ಅಣ್ಣಾ?"

"ಹಿಂದ್ಲುದೇ."

"ಅಂದ್ರೆ?"

"ಹಿಂದ್ಲುದೇ ಕಣೇ, ಇನ್ನೇನು."

ಮರುದಿನವೂ ಅದೇ. ಅದರ ಮರುದಿನವೂ. ವಾರ ಕಳೆಯುವುದರೊಳಗೆ ಅಣ್ಣ ಆ ಮಾತು ಆಡಿದ: "ನೀನು ತಂದಿದ್ದು ಸರಿಯಿಲ್ಲ. ಡೂಪ್ಲಿಕೇಟು ಕೊಟ್ಟವ್ನೆ ನಿಂಗೆ." ನನಗೆ ನೆತ್ತಿಗೇರಿತು. ನೇರವಾಗಿ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಅಂಗಡಿಯವರ ಜನ್ಮ ಜಾಲಾಡಿದೆ. ಅವರು ತಾಳ್ಮೆಯಿಂದ, ಬಿಚ್ಚಿ ತನ್ನಿ ಮೇಡಂ, ನಾನೇ ಮುಳಬಾಗಿಲಿಗೆ ಬೇಕಾದರೂ ಬರುತ್ತೇನೆ ಎಂದರು. ಮೇಸ್ತ್ರಿ ಮತ್ತೆ ಬಂಡಿಯನ್ನು ತರಿಸಿ, ಕೊಳವೆ ಕೊಳವೆ ಮುಟ್ಟಿ ನೋಡಿ, ಮತ್ತೆ ಲೋಡು ಹಾಕಿ ಓಡಿಸಿದರು. ಅವರ ಕೈಯಲ್ಲಿ ಅದು ಮೊದಲಿನ ಹಾಗೇ ಹಾರಿತು. ಅಣ್ಣನ ಕೈಯಲ್ಲಿ ಯಾಕೆ ಹಾರುವುದಿಲ್ಲ ಎಂದು ಅವರೂ ತಲೆ ಕೆರೆದುಕೊಂಡರು. ಬಂಡಿಗೆ ದೃಷ್ಟಿಯಾಗಿದೆ ಎಂದು ಅತ್ತಿಗೆ ಕುಂಬಳಕಾಯಿ ಒಡೆಸಿದಳು.

ಅಷ್ಟರಲ್ಲಿ ಕೊಯ್ಲು ಜೋರಾಯಿತು. ನಮ್ಮ ಹೊಲದ ಪಕ್ಕದವರೇ, ಅಣ್ಣ ಬಂಡಿ ತಂದ ದಿನದಿಂದ ಅವನಿಗೇ ಲೋಡು ಕೊಡುತ್ತಿದ್ದವರು, ಒಂದು ಸಂಜೆ ಬೇರೆ ಪಿಕಪ್ಪಿಗೆ ಬಾಕ್ಸುಗಳನ್ನು ಏರಿಸಿದರು. ಅಣ್ಣ ಜಗಲಿಯಿಂದ ನೋಡುತ್ತಿದ್ದನಂತೆ. ಅವರು ಕದ್ದುಮುಚ್ಚಿ ಮಾಡಲಿಲ್ಲ. ಬಂದು, ಬೇಜಾರಾಗಬೇಡಪ್ಪ, ಹಣ್ಣು ಕಾಯೋದಿಲ್ಲ ನೋಡು ಎಂದು ಹೇಳಿಯೇ ಹೋದರು. ಅವರ ಮೇಲೆ ಕೋಪ ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಅತ್ತಿಗೆ ಫೋನಿನಲ್ಲಿ ಇದನ್ನು ಹೇಳುತ್ತಾ ಅತ್ತಳು. ನಾನು ರಜೆ ಹಾಕಿ ಊರಿಗೆ ಹೊರಟೆ. ಒಂದು ಟ್ರಿಪ್ಪು ಅವನ ಪಕ್ಕದಲ್ಲಿ ಕೂತು ನೋಡಿಬಿಡೋಣ, ಟರ್ಬೊ ಎಲ್ಲಿ ಕೈ ಕೊಡುತ್ತದೆ ಎಂದು ನನ್ನ ಕಿವಿಯಿಂದಲೇ ಕೇಳಿ, ಆ ಅಂಗಡಿಯವನ ಮುಂದೆ ನಿಲ್ಲೋಣ ಎಂಬುದು ನನ್ನ ಲೆಕ್ಕ.

ಅಣ್ಣ ಬೇಡ ಎಂದ. ಹೆಂಗಸರು ಮಂಡಿಗೆ ಬರುವುದು ಚೆನ್ನಾಗಿರುವುದಿಲ್ಲ ಎಂದ. ನಾನು ಹತ್ತಿ ಕೂತು ಬಾಗಿಲು ಹಾಕಿಕೊಂಡೆ. ಕತ್ತಲು ಬಿಟ್ಟು ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತು. ರಾಯಲ್ಪಾಡು ದಾಟಿದೆವು, ಮಾವಿನ ತೋಪುಗಳು ಹಿಂದೆ ಸರಿದವು. ಬಂಡಿ ಚೆನ್ನಾಗಿಯೇ ಹೋಗುತ್ತಿತ್ತು. ಅಣ್ಣ ಕಾಲು ಒತ್ತಿದಾಗ ಸಿಳ್ಳು ಏರುತ್ತಿತ್ತು, ಹಿಂದಿನ ಲೋಡು ಇಲ್ಲವೇ ಇಲ್ಲವೇನೋ ಎಂಬಂತೆ ಬಂಡಿ ಮುಂದಕ್ಕೆ ಚಿಮ್ಮುತ್ತಿತ್ತು. ಶ್ರೀನಿವಾಸಪುರ ಬರುವುದರೊಳಗೆ ಮೂರು ನಾಲ್ಕು ಬಂಡಿಗಳನ್ನು ಹಿಂದೆ ಹಾಕಿದ. ನಾನು ಚಿಕ್ಕವಳ ಹಾಗೆ ಚಪ್ಪಾಳೆ ಹೊಡೆದೆ. "ಇದಕ್ಕೇನಾಗಿದೆಯಣ್ಣಾ, ಬಂಗಾರದಂಗೈತೆ!" ಎಂದೆ. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಶ್ರೀನಿವಾಸಪುರ ದಾಟಿ ಬಹಳ ಹೊತ್ತಾದ ಮೇಲೆ ಒಂದು ಮೋರಿ, ಅದರಾಚೆ ಎಡಕ್ಕೆ ತಿರುಗುತ್ತಾ ಹೋಗುವ ಏರು. ಅಲ್ಲಿ ಸಿಳ್ಳು ಕುಸಿಯಿತು. ನಾನು ಮೊದಲು ಬಾನೆಟ್ಟಿನ ಕಡೆ ನೋಡಿದೆ, ಆಮೇಲೆ ಕೆಳಗೆ ನೋಡಿದೆ. ಅಣ್ಣನ ಪಾದ ಪೆಡಲಿನ ಮೇಲಿರಲಿಲ್ಲ. ಮೇಲೆತ್ತಿಕೊಂಡು ಗಾಳಿಯಲ್ಲಿ ಹಿಡಿದಿದ್ದ, ಅದು ನಡುಗುತ್ತಿತ್ತು. ಬಂಡಿ ತೆವಳತೊಡಗಿತು. ಅವನು ಗೇರು ಇಳಿಸಿದ, ಮತ್ತೆ ಇಳಿಸಿದ. ಹಿಂದೆ ಹಾಕಿದ್ದ ಬಂಡಿಗಳೆಲ್ಲ ಹಾರನ್ನು ಬಾರಿಸುತ್ತಾ ಒಂದೊಂದಾಗಿ ನಮ್ಮನ್ನು ದಾಟಿಕೊಂಡು ಹೋದವು. ಒಬ್ಬ ಕಿಟಕಿಯಿಂದ ತಲೆ ಹಾಕಿ, "ಏನ್ಲಾ ಮೊದಲ್ ಬಿಲ್ಲೆ, ನಿದ್ದೆ ಬಂತಾ?" ಎಂದು ಕೂಗಿದ. ತಿರುವು ಮುಗಿದ ಮೇಲೆ ಅಣ್ಣನ ಪಾದ ಮತ್ತೆ ಪೆಡಲಿನ ಮೇಲೆ ಬಂತು.

"ಕಾಲ್ಯಾಕೆ ಎತ್ದೆ?"

"ಎತ್ಲಿಲ್ಲ."

"ಎತ್ದೆ ಅಣ್ಣಾ. ನಾನು ನೋಡ್ದೆ."

ಅವನು ಬಂಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಓಡುತ್ತಲೇ ಇತ್ತು. ಲೋಡು ಹೊತ್ತ ಬಂಡಿಯನ್ನು ಅವನು ಹೀಗೆ ದಾರಿಯಲ್ಲಿ ನಿಲ್ಲಿಸಿದ್ದನ್ನು ನಾನು ನೋಡಿರಲೇ ಇಲ್ಲ.

"ಹೋದ್ ವರ್ಷ ಇಲ್ಲೊಂದು ಬಂಡಿ ಬಿತ್ತಲ್ಲ," ಎಂದ.

ನನಗೆ ಗೊತ್ತಿತ್ತು. ಬೇರೆ ಊರಿನ ಹುಡುಗ, ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ತಿರುವಿನಲ್ಲಿ ಪಿಕಪ್ಪು ಮಗುಚಿ ಸತ್ತ ಎಂದು ಪೇಪರಿನಲ್ಲಿ ಬಂದಿತ್ತು. ಆ ದಿನ ನಮ್ಮ ಮನೆಯಲ್ಲೂ ಅಯ್ಯೋ ಪಾಪ ಎಂದಿದ್ದೆವು.

"ನಾನು ಅವನ ಹಿಂದೇನೇ ಇದ್ದೆ ಕಣೇ. ಇಬ್ರೇ ಇದ್ದಿದ್ದು ಮುಂದೆ, ಮಿಕ್ಕೋರು ಎಲ್ಲೋ ಹಿಂದೆ. ಅವತ್ತು ಮೊದಲ್ ಬಿಲ್ಲೆ ಅವನದೇ ಆಗ್ತಿತ್ತು. ನಾನು ಒತ್ಕೊಂಡು ಬಂದೆ, ಅವನೂ ಒತ್ದ. ತಿರುವಲ್ಲಿ ಹೊರಳ್ಕೊಂತು. ಬಾಕ್ಸೆಲ್ಲಾ ರಸ್ತೆ ತುಂಬ." ಅಣ್ಣ ಸ್ಟೀರಿಂಗನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. "ಕಿಟಕಿಯಿಂದ ಅರ್ಧ ಆಚೆ ಬಂದಿದ್ದ. ಕೈ ಎತ್ದ. ನನ್ ಬಂಡಿ ಅಂತ ಗುರುತು ಹಿಡ್ದ. ಅನ್ನಾ ಅಂದ, ಬಾಯಿ ಕಾಣಿಸ್ತು ನಂಗೆ."

"ನೀನೇನು ಮಾಡ್ದೆ?"

"ಪಕ್ಕದಲ್ಲಿ ಒಂದು ಬಂಡಿ ಹೋಗೋವಷ್ಟು ಜಾಗ ಇತ್ತು. ಹಿಂದೆ ಬರೋರು ನೋಡ್ಕೊಳ್ತಾರೆ ಅಂದ್ಕೊಂಡೆ. ಹಣ್ಣಿನ ಮೇಲೇ ಹತ್ತಿಸ್ಕೊಂಡು ಹೋದೆ." ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದ. "ಮೊದಲ್ ಬಿಲ್ಲೆ ಸಿಕ್ತು ಅವತ್ತು. ಹಿಂದಿನೋರು ತಡವಾಗಿ ಬಂದ್ರಂತೆ. ಆಸ್ಪತ್ರೆಗೆ ಹೋಗೋ ದಾರೀಲಿ ಹೋದ."

ಇವನು ನನ್ನ ಅಣ್ಣ, ನಾನು ಜ್ವರ ಬಂದು ಮಲಗಿದಾಗ ಹೆಗಲ ಮೇಲೆ ಹೊತ್ತುಕೊಂಡು ಶ್ರೀನಿವಾಸಪುರದ ಡಾಕ್ಟರ ಹತ್ತಿರ ಓಡಿದವನು, ರಸ್ತೆಯಲ್ಲಿ ನಾಯಿಮರಿ ಅಡ್ಡ ಬಂದರೆ ಬ್ರೇಕು ಹಾಕುವವನು. ಅವನ ಪಕ್ಕದಲ್ಲಿ ಕೂರುವುದು ಬೇಡ, ಇಳಿದು ನಡೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಆಮೇಲೆ ಅವನ ಕಾಲು ನೋಡಿದೆ. ಬಂಡಿ ನಿಂತಿದ್ದರೂ ಅದು ನಡುಗುತ್ತಲೇ ಇತ್ತು. ಎಷ್ಟು ಒಳ್ಳೆಯ ಟರ್ಬೊ ತಂದು ಹಾಕಿದರೂ ಆ ಕಾಲು ಆ ಏರಿನಲ್ಲಿ ಒತ್ತುವುದಿಲ್ಲ ಎಂದು ಅರ್ಥವಾಯಿತು. ಅವನಿಗೆ ಇದು ಮೊದಲೇ ಗೊತ್ತಿತ್ತು. ಹಳೆಯ ಟರ್ಬೊ ಕೆಟ್ಟಿದ್ದಾಗ ಅದರ ಮೇಲೆ ಹಾಕಿ ಹೇಗೋ ದಿನ ತಳ್ಳಿದ್ದ. ನಾನು ಒಳ್ಳೆಯದನ್ನು ಆರಿಸಿ ತಂದು ಅವನಿಗಿದ್ದ ಆ ಒಂದು ಆಸರೆಯನ್ನೂ ಕಿತ್ತುಕೊಂಡಿದ್ದೆ.

ಏನಾದರೂ ಸಮಾಧಾನ ಹೇಳಬೇಕಿತ್ತು. ನಿನ್ನ ತಪ್ಪಲ್ಲ, ನೀನು ನಿಂತಿದ್ದರೂ ಅವನು ಉಳಿಯುತ್ತಿರಲಿಲ್ಲ, ಹೀಗೆ ಜನ ಹೇಳುವಂಥದ್ದು ಏನಾದರೂ. ನನ್ನ ಬಾಯಿಗೆ ಅದು ಬರಲಿಲ್ಲ.

"ನಿಲ್ಲಿಸ್ಬೇಕಾಗಿತ್ತು ಅಣ್ಣಾ," ಎಂದೆ.

"ಹೂಂ," ಎಂದ. ಗೇರು ಹಾಕಿದ. ಮಂಡಿಯಲ್ಲಿ ಕಾವಲುಗಾರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಸಾಲಿನ ತುದಿಯ ಒಂದು ಬಿಲ್ಲೆ ಕೊಟ್ಟ. ಮಧ್ಯಾಹ್ನದವರೆಗೆ ಕಾದು ಸಿಕ್ಕ ದರಕ್ಕೆ ಹಣ್ಣು ಇಳಿಸಿ ಬಂದೆವು. ಹಿಂತಿರುಗುವಾಗ ಆ ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ.

ಆ ಕೊಯ್ಲು ಮುಗಿಯುವ ಮುಂಚೆಯೇ ಅಣ್ಣ ಪಿಕಪ್ಪನ್ನು ಮಾರಿದ. ಕೊಂಡವನು ಲಕ್ಕೂರಿನ ಕಡೆಯವನು, ಓಡಿಸಿ ನೋಡಿ ಎಳೆತ ಹೊಗಳಿದ. ಅಣ್ಣ ರಾಯಲ್ಪಾಡಿನಲ್ಲಿ ಹಿಂಡಿ ಬೂಸದ ಒಂದು ಸಣ್ಣ ಅಂಗಡಿ ಹಾಕಿಕೊಂಡ. ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಯಾರಾದರೂ ಕಾರಿನಲ್ಲಿ ಕರೆದರೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಅವನಿಗೂ ನನಗೂ ಆ ಬೆಳಗಿನ ಮಾತು ಮತ್ತೆ ಬರಲೇ ಇಲ್ಲ. ಕೆಲವು ತಿಂಗಳು ನಾನು ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅವನ ಮೇಲಿನ ಸಿಟ್ಟು ಆರಲು ಅಷ್ಟು ಕಾಲ ಬೇಕಾಯಿತು. ಆರಿದ ಮೇಲೆ ಉಳಿದದ್ದು ಬರೀ ಸಂಕಟ.

ಯಾಕಪ್ಪಾ ಬಂಡಿ ಬಿಟ್ಟೆ ಎಂದು ಊರಿನವರು, ನೆಂಟರು ಕೇಳದೆ ಬಿಡುತ್ತಾರೆಯೇ. ಅಣ್ಣ ಒಂದೇ ಉತ್ತರ ಇಟ್ಟುಕೊಂಡಿದ್ದ: ಹೊಸ ಟರ್ಬೊ ಸರಿಯಾಗಲಿಲ್ಲ. ಬರಬರುತ್ತಾ ಅದು ಬೆಳೆಯಿತು. ಮಾಲೂರಿನಿಂದ ತಂದದ್ದು ಡೂಪ್ಲಿಕೇಟು, ಅದರಿಂದಲೇ ಎಂಜಿನ್ನು ಹಾಳಾಯಿತು, ಮನೆಯೂ ಹಿಂದೆ ಬಿತ್ತು. ಮದುವೆಮನೆಗಳಲ್ಲಿ ನನ್ನನ್ನು ಕಂಡರೆ, "ಟರ್ಬೊ ತಂದೋಳು ಬಂದ್ಳು" ಎಂದು ಚುಡಾಯಿಸುತ್ತಿದ್ದರು. ಬೇರೆ ಯಾವ ಮಾತಿಗಾದರೂ ನಾನು ಬಿಡುತ್ತಿರಲಿಲ್ಲ. ಈ ಮಾತು ಬಂದಾಗ ಅಣ್ಣ ಎಲ್ಲಿದ್ದರೂ ತಟ್ಟೆಯ ಮೇಲೆ ತಲೆ ತಗ್ಗಿಸುತ್ತಿದ್ದ, ಅದನ್ನು ನೋಡಿ ನಾನು ಸುಮ್ಮನಾಗುತ್ತಿದ್ದೆ.

ಅಣ್ಣ ಹೋಗಿ ವರ್ಷಗಳಾದವು. ಅತ್ತಿಗೆಯೂ ಈಗಿಲ್ಲ, ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಣ್ಣನ ತಿಥಿಯ ದಿನ ಊಟವೆಲ್ಲ ಮುಗಿದು, ಹಿತ್ತಲಲ್ಲಿ ಪಾತ್ರೆಗಳ ಮುಂದೆ ನಾವಿಬ್ಬರೇ ಕೂತಿದ್ದೆವು. ಅತ್ತಿಗೆ ಇದ್ದಕ್ಕಿದ್ದಂತೆ ಅಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಆ ಹಾಳು ಟರ್ಬೊ ಒಂದು ಸರಿಯಾಗಿದ್ದಿದ್ರೆ ಅವರು ಹಂಗೆ ಕುಗ್ಗಿ ಹೋಗ್ತಿರ್ಲಿಲ್ಲ ಕಣೇ. ಅಂಗಡಿಯವನು ಮೂರು ತೋರಿಸಿದ್ರೂ ಅದನ್ನೇ ಯಾಕೆ ಆರಿಸ್ದೆ ನೀನು?"

ಸೌಟನ್ನು ಉಜ್ಜುತ್ತಾ ಇದ್ದೆ. ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಅತ್ತಿಗೆ," ಎಂದೆ. "ಮೋಸ ಹೋದೆ."